ಔಷಧಿ ಹೊಡೆಯುವವನ ಮೈಗೆ ಏನಾಗುತ್ತದೆ?
ಕೀಟನಾಶಕಗಳೂ ಗಂಡಸಿನ ಸಂತಾನಶಕ್ತಿಯೂ: ಬೆಳೆಗಾರರಿಗೊಂದು ಪಾಠ



ಗಿಡಕ್ಕೆ ಹೊಡೆಯುವ ವಿಷಕ್ಕೂ ಮಗುವಿಗೆ ಕುಡಿಸುವ ಟಾನಿಕ್ಕಿಗೂ ನಮ್ಮ ಕಡೆ ಹೆಸರು ಒಂದೇ, ಔಷಧಿ. "ಇವತ್ತು ತೋಟಕ್ಕೆ ಔಷಧಿ ಹೊಡೀಬೇಕು" ಎಂದಾಗ ಯಾರಿಗೂ ಹೆದರಿಕೆಯಾಗುವುದಿಲ್ಲ. ಹೆಸರು ಔಷಧಿಯಾದರೂ ಅದರ ಗುಣ ವಿಷದ್ದೇ. ಹುಳು ಸಾಯಲೆಂದು, ಬೂಷ್ಟು ಸಾಯಲೆಂದು ತಯಾರಾದ ವಸ್ತು ಮನುಷ್ಯನ ಮೈಯೊಳಗೆ ಹೋದಾಗ ಸುಮ್ಮನಿರುವುದಿಲ್ಲ. ಒಮ್ಮೆಲೇ ಹೆಚ್ಚಾಗಿ ಹೋದರೆ ತಲೆಸುತ್ತು, ವಾಂತಿ, ಉಸಿರುಕಟ್ಟು ಬರುತ್ತದೆ, ಇದು ನಮ್ಮೆಲ್ಲರಿಗೂ ಗೊತ್ತು. ಸ್ವಲ್ಪ ಸ್ವಲ್ಪವಾಗಿ ಹಲವು ವರ್ಷ ಹೋದರೆ ಏನಾಗುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದರಲ್ಲೂ ಗಂಡಸಿನ ಸಂತಾನಶಕ್ತಿಗೆ ಏನಾಗುತ್ತದೆ ಎಂಬ ಮಾತನ್ನು ಸಭೆಯಲ್ಲಿ ಎತ್ತುವವರೇ ಇಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಸಂಕೋಚ ಬಿಟ್ಟು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಈ ಪಾಠ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳವರಿಗೆ ಹೆಚ್ಚು ಸಲ್ಲುವುದಕ್ಕೆ ಕಾರಣವಿದೆ. ದೊಡ್ಡ ಎಸ್ಟೇಟಿನ ಮಾಲೀಕರು ಸ್ಪ್ರೇಯರನ್ನು ಬೆನ್ನಿಗೆ ಕಟ್ಟಿಕೊಳ್ಳುವುದು ಅಪರೂಪ. ಎರಡೆಕರೆ, ಮೂರೆಕರೆಯವರು ನಾವೇ ಹೊಡೆಯಬೇಕು, ಇಲ್ಲವೆ ನಮ್ಮ ಮಗ ಹೊಡೆಯಬೇಕು. ಅದೂ ಒಂದೇ ಬೆಳೆಗಲ್ಲ. ಅರಕಲಗೂಡಿನ ಕಡೆ ಕಾಫಿ, ಮೆಣಸಿನ ಜೊತೆಗೆ ಹೊಗೆಸೊಪ್ಪು. ಹಾಸನದ ಸುತ್ತ ಆಲೂಗಡ್ಡೆ, ಶುಂಠಿ. ಹೊಳೆನರಸೀಪುರ, ಚನ್ನರಾಯಪಟ್ಟಣದ ನೀರಾವರಿ ಬಯಲುಗಳಲ್ಲಿ ಅಡಿಕೆ, ತೆಂಗು. ಒಂದೇ ಮನೆಯ ಒಬ್ಬನೇ ಯುವಕ ಮಳೆಗಾಲದಲ್ಲಿ ಆಲೂಗಡ್ಡೆಗೆ ವಾರಕ್ಕೊಮ್ಮೆ, ಶುಂಠಿಯ ಬುಡಕ್ಕೆ ತಿಂಗಳಿಗೊಮ್ಮೆ, ಕಾಫಿಯ ಕಾಂಡಕ್ಕೆ ವರ್ಷಕ್ಕೆರಡು ಸಲ ಎಂದು ಲೆಕ್ಕ ಹಾಕಿದರೆ ಅವನ ಮೈಮೇಲೆ ಬೀಳುವ ಒಟ್ಟು ಪ್ರಮಾಣ ಚಿಕ್ಕದಲ್ಲ.

ದೋಷ ಯಾರದು?

ಮದುವೆಯಾಗಿ ಮೂರು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ತೂಗದಿದ್ದರೆ ನಮ್ಮ ಊರುಗಳಲ್ಲಿ ಮೊದಲು ಬೆರಳು ತೋರುವುದು ಸೊಸೆಯ ಕಡೆಗೆ. ಹರಕೆ ಹೊರುವವಳು ಅವಳು, ನಾಗರಕಲ್ಲಿಗೆ ಹಾಲೆರೆಯುವವಳು ಅವಳು, ಆಸ್ಪತ್ರೆಯ ಮೆಟ್ಟಿಲು ಹತ್ತುವವಳೂ ಅವಳೇ. ಮಕ್ಕಳಾಗದ ಹೆಂಗಸಿಗೆ 'ಬಂಜೆ' ಎಂಬ ಮಾತು ನಮ್ಮ ಭಾಷೆಯಲ್ಲಿ ಸಿದ್ಧವಾಗಿದೆ. ಮಕ್ಕಳಾಗದ ಗಂಡಸಿಗೆ ಹಾಗೆ ದಿನಬಳಕೆಯ ಮಾತೊಂದು ಇಲ್ಲ. ಮಾತಿಲ್ಲವೆಂದ ಮಾತ್ರಕ್ಕೆ ಸಂಗತಿ ಇಲ್ಲವೆಂದಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ಗಂಡಸುತನ ಬೇರೆ, ವೀರ್ಯಾಣುಗಳ ಸಂಖ್ಯೆ ಬೇರೆ. ಮೂಟೆ ಹೊರುವ, ಮರ ಹತ್ತುವ, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಟ್ಟಿಮುಟ್ಟಾದ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದು. ವೀರ್ಯ ಕಣ್ಣಿಗೆ ಮಾಮೂಲಾಗಿಯೇ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾರಿಗೂ ತಿಳಿಯದು. ಆದಕಾರಣ ಪರೀಕ್ಷೆಗೆ ಹೋಗುವುದು ಅವಮಾನದ ಸಂಗತಿಯಲ್ಲ, ಮಣ್ಣು ಪರೀಕ್ಷೆಗೆ ಕಳಿಸಿದಷ್ಟೇ ಸಹಜ.

ವೀರ್ಯಾಣು ತಯಾರಾಗುವ ಬಗೆ

ವೃಷಣಗಳು, ಆಡುಮಾತಿನಲ್ಲಿ ಬೀಜಗಳು, ದೇಹದ ಹೊರಗೆ ಚೀಲದಲ್ಲಿ ತೂಗುತ್ತಿರುವುದಕ್ಕೆ ಕಾರಣವಿದೆ. ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪಿದ್ದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಅವುಗಳೊಳಗೆ ನೂಲಿನಂಥ ಸಣ್ಣ ನಾಳಗಳಿವೆ. ಈ ನಾಳಗಳ ಗೋಡೆಯಲ್ಲಿ ವೀರ್ಯಾಣುಗಳು ಹುಟ್ಟಿ ಬೆಳೆಯುತ್ತವೆ. ಒಂದು ವೀರ್ಯಾಣು ತಯಾರಾಗಲು ಸುಮಾರು 70 ದಿವಸ ಬೇಕು, ಅನಂತರ ಮಾಗಲು ಇನ್ನೂ ಒಂದೆರಡು ವಾರ. ಒಟ್ಟಿನಲ್ಲಿ ಮೂರು ತಿಂಗಳೆಂದು ಇಟ್ಟುಕೊಳ್ಳಿ. ಜುಲೈ ತಿಂಗಳಲ್ಲಿ ಆದ ಹಾನಿ ಅಕ್ಟೋಬರಿನವರೆಗೂ ಕಾಣಿಸಬಹುದು. ಹಾಗೆಯೇ ಇಂದು ಎಚ್ಚರಿಕೆ ಶುರುಮಾಡಿದರೆ ಅದರ ಫಲ ಕಾಣಲೂ ಮೂರು ತಿಂಗಳು ಕಾಯಬೇಕು. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಕೆಲಸಕ್ಕೆ ಅಪ್ಪಣೆ ಬರುವುದು ತಲೆಯಿಂದ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯಿದೆ. ಅದು ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಎರಡು ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್.ಎಚ್. ಬಂದು ತಟ್ಟಿದಾಗ ವೃಷಣವು ಟೆಸ್ಟೋಸ್ಟೆರೋನ್ ಎಂಬ ಗಂಡು ರಸವನ್ನು ತಯಾರಿಸುತ್ತದೆ. ಹುಡುಗನಿಗೆ ಮೀಸೆ ಬರುವುದು, ದನಿ ಒಡೆಯುವುದು, ವೀರ್ಯಾಣು ಬೆಳೆಯುವುದು ಎಲ್ಲವೂ ಇದರಿಂದ. ತೋಟದ ಮೇಸ್ತ್ರಿ ಮತ್ತು ಆಳಿನ ಸಂಬಂಧದಂತೆ ಇದನ್ನು ತಿಳಿಯಬಹುದು. ಆಳು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮೇಸ್ತ್ರಿಯ ದನಿ ತಗ್ಗಿರುತ್ತದೆ. ಆಳು ಸೋತರೆ ಮೇಸ್ತ್ರಿಯ ಕೂಗು ಏರುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಇಳಿದು ಎಲ್.ಎಚ್. ಏರಿದ್ದರೆ ಅರ್ಥ ಸ್ಪಷ್ಟ: ಅಪ್ಪಣೆ ಜೋರಾಗಿದೆ, ವೃಷಣ ಅದನ್ನು ನಡೆಸಲಾರದೆ ಇದೆ.

ಕೆಲವು ರಾಸಾಯನಿಕಗಳು ಈ ವ್ಯವಸ್ಥೆಯನ್ನು ಮೂರು ಕಡೆ ಕೆಡಿಸಬಲ್ಲವು. ಒಂದು, ವೀರ್ಯಾಣು ಹುಟ್ಟುವ ಕೋಶಗಳನ್ನೇ ಕೊಲ್ಲುವುದು. ಎರಡು, ರಸಗಳಂತೆ ವೇಷ ಹಾಕಿ ಅಥವಾ ಅವಕ್ಕೆ ಅಡ್ಡ ನಿಂತು ಸಂದೇಶವನ್ನು ಗೊಂದಲ ಮಾಡುವುದು. ಮೂರು, ತಾಯಿಯ ಗರ್ಭದಲ್ಲಿರುವ ಗಂಡು ಶಿಶುವಿನ ಅಂಗಗಳು ರೂಪುಗೊಳ್ಳುವಾಗಲೇ ತೊಂದರೆ ಮಾಡುವುದು. ಗರ್ಭದ ಎರಡನೆಯ ತಿಂಗಳಿಂದ ನಾಲ್ಕನೆಯ ತಿಂಗಳ ನಡುವಿನ ಕಾಲ ಇದಕ್ಕೆ ಬಹಳ ಸೂಕ್ಷ್ಮ.

ಲೋಕದ ಕಣ್ಣು ತೆರೆಸಿದ ಘಟನೆ

1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲ್ಯಾಥ್ರಪ್ ಎಂಬ ಊರಿನಲ್ಲಿ ಕೀಟನಾಶಕ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವಾಗ ಒಂದು ಸಂಗತಿ ಗಮನಿಸಿದರು. ತಮ್ಮ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಈಚೆಗೆ ಮಕ್ಕಳೇ ಆಗುತ್ತಿಲ್ಲ! ವೀರ್ಯ ಪರೀಕ್ಷೆ ಮಾಡಿಸಿದಾಗ ಹಲವರಲ್ಲಿ ವೀರ್ಯಾಣುಗಳು ತೀರ ಕಡಿಮೆಯಿದ್ದವು. ಕೆಲವರಲ್ಲಿ ಒಂದೂ ಇರಲಿಲ್ಲ. ಮೂರು ತಿಂಗಳಿಗಿಂತ ಕಡಿಮೆ ಕೆಲಸ ಮಾಡಿದವರು ಸರಿಯಾಗಿದ್ದರು. ಮೂರು ವರ್ಷ ದಾಟಿದವರಲ್ಲಿ ವೀರ್ಯಾಣುಗಳು ಬತ್ತಿಹೋಗಿದ್ದವು. ಅವರು ತಯಾರಿಸುತ್ತಿದ್ದುದು ಡಿ.ಬಿ.ಸಿ.ಪಿ. ಎಂಬ ಜಂತುಹುಳು ನಾಶಕ, ಅಂದರೆ ಬೇರಿಗೆ ಹತ್ತುವ ಸೂಕ್ಷ್ಮ ಜಂತುಗಳನ್ನು ಕೊಲ್ಲುವ ವಿಷ.

ಈ ವಸ್ತುವಿನಿಂದ ಇಲಿಗಳ ವೃಷಣ ಕುಗ್ಗುತ್ತದೆಂದು 1961ರಲ್ಲಿಯೇ ಪ್ರಯೋಗದಿಂದ ತಿಳಿದು ಪ್ರಕಟವೂ ಆಗಿತ್ತು. ಆದರೂ 16 ವರ್ಷ ಕೆಲಸಗಾರರಿಗೆ ಅದನ್ನು ಯಾರೂ ಹೇಳಲಿಲ್ಲ. 1979ರಲ್ಲಿ ಅಮೆರಿಕವು ತನ್ನ ನೆಲದಲ್ಲಿ ಅದರ ಬಳಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಅಷ್ಟರಲ್ಲಿ ಕೋಸ್ಟರಿಕಾ ಮುಂತಾದ ಮಧ್ಯ ಅಮೆರಿಕದ ದೇಶಗಳ ಬಾಳೆ ತೋಟಗಳಲ್ಲಿ ಸಾವಿರಾರು ಕೂಲಿಗಾರರು ಸಂತಾನಶಕ್ತಿ ಕಳೆದುಕೊಂಡಿದ್ದರು. ಕೆಲಸ ಬಿಟ್ಟ ಮೇಲೆ ಕೆಲವರಲ್ಲಿ ವೀರ್ಯಾಣುಗಳು ಮರಳಿ ಬಂದವು. ಪೂರ್ತಿ ಬತ್ತಿದ್ದ ಹಲವರಲ್ಲಿ ಬರಲೇ ಇಲ್ಲ. ಬೇಗ ನಿಲ್ಲಿಸಿದವನು ಉಳಿದುಕೊಳ್ಳುತ್ತಾನೆ, ತಡಮಾಡಿದವನು ಕಳೆದುಕೊಳ್ಳುತ್ತಾನೆ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುತ್ತಿದ್ದ ಸಾವಿರಕ್ಕೂ ಹೆಚ್ಚು ಗಂಡಸರ ಕುಟುಂಬಗಳನ್ನು, ಹೊಡೆಯದ ಅಷ್ಟೇ ಕುಟುಂಬಗಳೊಡನೆ ಹೋಲಿಸಿದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಹೊಡೆಯುವವರ ಮನೆಗಳಲ್ಲಿ ಮಕ್ಕಳಾಗದಿರುವುದು, ಸತ್ತು ಹುಟ್ಟುವುದು, ಹುಟ್ಟಿದ ಕೂಸು ಉಳಿಯದಿರುವುದು ಹೆಚ್ಚಾಗಿ ಕಂಡುಬಂತು.

ಕನ್ನಡದ ಮನೆಯಂಗಳದಲ್ಲೇ: ಪಡ್ರೆ

ದೂರದ ಮಾತು ಸಾಕು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ನಮ್ಮಂತೆಯೇ ಅಡಿಕೆ ಬೆಳೆಯುವ, ಕನ್ನಡ, ತುಳು ಆಡುವ ಊರು. ಅದರ ಗುಡ್ಡಗಳ ಮೇಲೆ ಕೇರಳ ಸರ್ಕಾರದ ಪ್ಲಾಂಟೇಷನ್ ನಿಗಮದ ಗೇರು ತೋಟಗಳಿವೆ. ಗೇರಿನ ಚಹಾ ಸೊಳ್ಳೆಗೆಂದು 1970ರ ದಶಕದ ಕೊನೆಯ ಹೊತ್ತಿನಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಮೇಲೆ ಬಿದ್ದ ವಿಷ ಮಳೆನೀರಿನೊಡನೆ ಇಳಿದು ಸುರಂಗ, ತೋಡು, ಬಾವಿಗಳನ್ನು ಸೇರಿತು. ಊರಿನಲ್ಲಿ ಕರುಗಳು ಕಾಲು ತಿರುಚಿ ಹುಟ್ಟುತ್ತಿವೆಯೆಂದು 1979ರಷ್ಟು ಹಿಂದೆಯೇ ಗಮನಕ್ಕೆ ತಂದವರು ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು. ನಮ್ಮಲ್ಲಿ ಅನೇಕರಿಗೆ 'ಅಡಿಕೆ ಪತ್ರಿಕೆ'ಯ ಮೂಲಕ ಅವರ ಹೆಸರು ಪರಿಚಿತ. ಒಂದೇ ಊರಿನಲ್ಲಿ ಇಷ್ಟೊಂದು ಅಂಗವೈಕಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್ ಏಕೆಂದು ರೋಗಿಗಳ ಲೆಕ್ಕವಿಟ್ಟು ಕೇಳಿದವರು ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್.

ಅನಂತರ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದರು. ಸಿಂಪರಣೆಗೆ ಸಿಕ್ಕಿದ ಊರಿನ 117 ಗಂಡು ಹುಡುಗರನ್ನೂ, ಸಿಂಪರಣೆ ಇಲ್ಲದ ಬೇರೆ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಎಲ್ಲರೂ 10ರಿಂದ 19 ವರ್ಷದವರು. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಸಿಂಪರಣೆಗೆ ಸಿಕ್ಕ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ ಹೆಚ್ಚಿತ್ತು, ಅದೂ ಸಿಂಪರಣೆ ನಿಂತು ತಿಂಗಳುಗಳು ಕಳೆದ ಮೇಲೆ. ವಯಸ್ಸಿಗೆ ತಕ್ಕಂತೆ ಪ್ರಾಯದ ಲಕ್ಷಣಗಳು ಬರುವುದು ಅವರಲ್ಲಿ ತಡವಾಗಿತ್ತು. ಟೆಸ್ಟೋಸ್ಟೆರೋನ್ ಇಳಿದಿತ್ತು, ಎಲ್.ಎಚ್. ಏರಿತ್ತು. ಮೇಸ್ತ್ರಿಯ ಕೂಗು ಏರಿದ ಕಥೆ ಇಲ್ಲಿ ನೆನಪಿಗೆ ಬರಬೇಕು.

ವೃಷಣ ಚೀಲಕ್ಕೆ ಇಳಿಯದಿರುವುದು, ಹುಟ್ಟಿನಿಂದಲೇ ನೀರು ತುಂಬಿರುವುದು, ತೊಡೆಸಂದಿನ ಹರ್ನಿಯ ಇಂಥ ದೋಷಗಳು ಸಿಂಪರಣೆಗೆ ಸಿಕ್ಕವರಲ್ಲಿ ಶೇಕಡ 5.1, ಉಳಿದವರಲ್ಲಿ ಶೇಕಡ 1.1 ಇದ್ದವು. ಪರೀಕ್ಷೆಗೊಳಗಾದವರ ಸಂಖ್ಯೆ ಚಿಕ್ಕದಾದ್ದರಿಂದ ಈ ಕೊನೆಯ ವ್ಯತ್ಯಾಸವನ್ನು ಖಚಿತವೆಂದು ಹೇಳಲಾಗದೆಂದು ಆ ವಿಜ್ಞಾನಿಗಳೇ ಬರೆದಿದ್ದಾರೆ. ನಾವೂ ಅಷ್ಟನ್ನೇ ಹೇಳಬೇಕು, ಹೆಚ್ಚು ಹೇಳಬಾರದು. ಆದರೆ ಪ್ರಾಯ ತಡವಾದದ್ದು, ರಸಗಳ ಏರುಪೇರು ಇವು ಲೆಕ್ಕಕ್ಕೆ ನಿಂತ ಸಂಗತಿಗಳು.

ನಮ್ಮ ರಾಜ್ಯವೂ ಇದರಿಂದ ಹೊರತಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಭಾಗಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಹೆಲಿಕಾಪ್ಟರಿನಿಂದ ಇದೇ ವಿಷ ಬಿತ್ತು. ಅಲ್ಲಿಯೂ ಮಕ್ಕಳು ನರಳಿದರು. 2011ರ ಆರಂಭದಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ನೀಡಿತು. "ಅದು ಗೇರಿನವರ ಕಷ್ಟ, ನಮಗೇನು?" ಎನ್ನುವ ಹಾಗಿಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಫಿಯ ಕಾಯಿಕೊರಕ ಮೊದಲು ಕಾಣಿಸಿಕೊಂಡ ಮೇಲೆ ನಮ್ಮ ಕಾಫಿ ಸೀಮೆಗೂ ಎಂಡೋಸಲ್ಫಾನ್ ಬಂದಿತ್ತು. ಅದಕ್ಕೂ ಮೊದಲು ಕಾಂಡಕೊರಕಕ್ಕೆ ಬಿ.ಎಚ್.ಸಿ., ಆಮೇಲೆ ಲಿಂಡೇನ್ ಬಳಿದವರೂ ನಾವೇ. ಇವೆಲ್ಲ ಇಂದು ನಿಷೇಧಿತ ವಸ್ತುಗಳು. ಯಾರದಾದರೂ ಅಟ್ಟದ ಮೇಲೆ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಬಳಸಬೇಡಿ, ತೋಡಿಗೆ ಚೆಲ್ಲಬೇಡಿ, ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಇಂದಿನ ಡಬ್ಬಿಗಳ ವಿಚಾರ

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನಿಮಗೆಲ್ಲ ಗೊತ್ತು. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಈ ಬಣ್ಣ ಹೇಳುವುದು ಮುಖ್ಯವಾಗಿ ಒಂದನ್ನು ಮಾತ್ರ: ಒಂದೇ ಸಲ ಮೈಗೆ ಹೋದರೆ ಎಷ್ಟು ಪ್ರಮಾಣ ಪ್ರಾಣ ತೆಗೆಯುತ್ತದೆ ಎಂಬುದನ್ನು. ಹತ್ತು ವರ್ಷ ಸ್ವಲ್ಪ ಸ್ವಲ್ಪ ಹೋದರೆ ವೀರ್ಯಾಣುಗಳಿಗೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. "ಹಸಿರು ಗುರುತು ಇದೆ, ಏನೂ ಆಗಲ್ಲ" ಎಂದು ಬರಿಗೈಯಲ್ಲಿ ಕಲಸುವವರು ಇದನ್ನು ತಿಳಿದಿರಬೇಕು.

ಕಾರ್ಬೆಂಡಾಜಿಮ್ ಇದಕ್ಕೆ ಉತ್ತಮ ಉದಾಹರಣೆ. ನರ್ಸರಿಗೆ, ಶುಂಠಿ ಬೀಜೋಪಚಾರಕ್ಕೆ ನಾವು ಧಾರಾಳವಾಗಿ ಬಳಸುವ ಬೂಷ್ಟುನಾಶಕವಿದು. ತಕ್ಷಣದ ವಿಷ ಬಹಳ ಕಡಿಮೆ. ಆದರೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ವೃಷಣದ ನಾಳಗಳನ್ನು ಹಾಳುಮಾಡುವುದು ಮತ್ತೆ ಮತ್ತೆ ಕಂಡುಬಂದಿದೆ. ಐರೋಪ್ಯ ಒಕ್ಕೂಟವು ಇದನ್ನು ಸಂತಾನಶಕ್ತಿಗೆ ಹಾನಿಕರವೆಂಬ ವರ್ಗದಲ್ಲಿಟ್ಟಿದೆ. ಇದರ ಹತ್ತಿರದ ನೆಂಟ ಬೆನೋಮಿಲ್ ನಮ್ಮ ದೇಶದಲ್ಲಿ 2018ರಲ್ಲಿ ನಿಷೇಧವಾಯಿತು. ಆಲೂಗಡ್ಡೆಯ ಅಂಗಮಾರಿಗೆ ಹೊಡೆಯುವ ಮ್ಯಾಂಕೋಜೆಬ್ ರಸಗ್ರಂಥಿಗಳ ಕೆಲಸಕ್ಕೆ ಅಡ್ಡಿ ಮಾಡುವ ವಸ್ತುವೆಂದು ಐರೋಪ್ಯ ಒಕ್ಕೂಟ 2020ರ ಕೊನೆಯಲ್ಲಿ ಅದರ ಪರವಾನಗಿಯನ್ನು ಮುಂದುವರಿಸಲಿಲ್ಲ.

ಅಡಿಕೆಯ ಬೇರುಹುಳಕ್ಕೆ, ಕಾಫಿಯ ಕಾಂಡಕೊರಕಕ್ಕೆ, ಶುಂಠಿಯ ಬುಡಕ್ಕೆ ಬಳಸುವ ಕ್ಲೋರ್‌ಪೈರಿಫಾಸ್ ವಿಚಾರವಾಗಿ 2006ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಮೂತ್ರದಲ್ಲಿ ಅದರ ಅವಶೇಷ ಹೆಚ್ಚಿದ್ದ ಗಂಡಸರಲ್ಲಿ ಟೆಸ್ಟೋಸ್ಟೆರೋನ್ ಕಡಿಮೆಯಿತ್ತು. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು, ಕೆಲವು ವಿನಾಯಿತಿಗಳನ್ನು ಉಳಿಸಿಕೊಂಡು, ಅದನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು. ಹಿಂದೆ ಬೇರುಹುಳಕ್ಕೆಂದು ಹಿಡಿಹಿಡಿ ಎರಚುತ್ತಿದ್ದ ಫೋರೇಟ್ ಹರಳು 2020ರ ಕೊನೆಗೆ ನಿಷೇಧವಾಗಿದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ಮಕ್ಕಳಾಗದಿರುವುದಕ್ಕೆಲ್ಲ ಔಷಧಿಯೇ ಕಾರಣವೆಂದು ಯಾರೂ ತಿಳಿಯಬಾರದು. ಹರೆಯದಲ್ಲಿ ಬಂದ ಮಂಗನಬಾವು, ವೃಷಣದ ರಕ್ತನಾಳ ಉಬ್ಬುವುದು, ಸೋಂಕು, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹೆಂಡ ಇವೂ ಕಾರಣಗಳೇ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬಿಸಿಯಲ್ಲಿ ದಿನಗಟ್ಟಲೆ ಕೆಲಸ ಮಾಡುವುದೂ ವೃಷಣಕ್ಕೆ ಒಳ್ಳೆಯದಲ್ಲ. ಲೋಕದ ಹಲವು ದೇಶಗಳ ಲೆಕ್ಕ ಕೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ 1973ರಿಂದ 2018ರೊಳಗೆ ಗಂಡಸರ ವೀರ್ಯಾಣು ಸಾಂದ್ರತೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಪಟ್ಟಣದವರೂ ಅದರಲ್ಲಿದ್ದಾರೆ. ಆದರೆ ಪಟ್ಟಣದವನ ಬೆನ್ನ ಮೇಲೆ 16 ಲೀಟರಿನ ಟ್ಯಾಂಕು ಸೋರುತ್ತಿರುವುದಿಲ್ಲ!

ವಿಷ ಒಳಗೆ ಹೋಗುವ ದಾರಿ

ಮೂಗಿಗೆ ಟವೆಲು ಕಟ್ಟಿಕೊಂಡರೆ ಸಾಕೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹೊಲದಲ್ಲಿ ವಿಷ ಒಳಗೆ ಹೋಗುವ ಮುಖ್ಯ ದಾರಿ ಮೂಗಲ್ಲ, ಚರ್ಮ. ಚರ್ಮ ಎಲ್ಲ ಕಡೆಯೂ ಒಂದೇ ಸಮನಾಗಿ ಹೀರುವುದೂ ಇಲ್ಲ. 1970ರ ದಶಕದ ಆರಂಭದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬಳಸಿ ಮನುಷ್ಯರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಮುಂಗೈ ಹೀರಿದ್ದು ಹಚ್ಚಿದ್ದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ವೃಷಣದ ಚೀಲದ ತೆಳು ಚರ್ಮ ಹಚ್ಚಿದ್ದೆಲ್ಲವನ್ನೂ ಹೀರಿಬಿಟ್ಟಿತು. ಅಂದರೆ ಮುಂಗೈಗಿಂತ ಸುಮಾರು 12 ಪಟ್ಟು ಹೆಚ್ಚು.

ಈಗ ನಮ್ಮ ತೋಟದ ದೃಶ್ಯ ನೆನೆಯಿರಿ. ಮುಚ್ಚಳ ಸರಿಯಾಗಿ ಕೂರದ ಟ್ಯಾಂಕು ಬೆನ್ನ ಮೇಲೆ. ಬಗ್ಗಿದಾಗೆಲ್ಲ ಚೆಲ್ಲಿದ ನೀರು ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಚಡ್ಡಿಗೆ ಇಳಿಯುತ್ತದೆ. ಮೈಮೇಲೆ ಬರಿಯ ಬನೀನು, ಎತ್ತಿ ಕಟ್ಟಿದ ಪಂಚೆ. ನೆನೆದ ಬಟ್ಟೆ ತೊಡೆಸಂದಿಗೆ ಅಂಟಿಕೊಂಡು ಮಧ್ಯಾಹ್ನದವರೆಗೂ ಹಾಗೆಯೇ ಇರುತ್ತದೆ. ಬೆವರು ಅದನ್ನು ಇನ್ನಷ್ಟು ಒಳಗೆ ಎಳೆಯುತ್ತದೆ. ನಡುವೆ ಕಲಸಿದ ಕೈಯಲ್ಲೇ ಮೂತ್ರಕ್ಕೆ ಹೋಗಿಬರುತ್ತೇವೆ. ದೇಹದ ಯಾವ ಭಾಗ ಹೆಚ್ಚು ಹೀರುತ್ತದೋ, ಯಾವ ಭಾಗಕ್ಕೆ ಹೆಚ್ಚು ಹಾನಿಯೋ, ಅದೇ ಭಾಗಕ್ಕೆ ನಾವೇ ಕೈಯಾರೆ ವಿಷ ಉಣಿಸುತ್ತಿದ್ದೇವೆ.

ಮಾಡಬೇಕಾದ್ದು

1. ಸೋರುವ ಟ್ಯಾಂಕನ್ನು ಬೆನ್ನಿಗೇರಿಸಬೇಡಿ. ಮುಚ್ಚಳದ ವಾಷರು, ಪೈಪಿನ ಕ್ಲಿಪ್ಪು ಬದಲಾಯಿಸಲು ಆಗುವ ಖರ್ಚು ಅಲ್ಪ. ಮೊದಲು ಬರಿಯ ನೀರು ತುಂಬಿ ಹೊಡೆದು ನೋಡಿ.

2. ಟ್ಯಾಂಕು ಮತ್ತು ಬೆನ್ನಿನ ನಡುವೆ, ಸೊಂಟದಿಂದ ಕೆಳಗೆ ತೊಡೆಯವರೆಗೂ ಬರುವಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ. ತುಂಬುತೋಳಿನ ಅಂಗಿ, ಪ್ಯಾಂಟು, ಗಂಬೂಟು ಇರಲಿ. ಪ್ಯಾಂಟಿನ ಕಾಲು ಬೂಟಿನ ಹೊರಗಿರಬೇಕು.

3. ಕಲಸುವಾಗಲೇ ಅಪಾಯ ಹೆಚ್ಚು, ಏಕೆಂದರೆ ಆಗ ವಿಷ ಗಟ್ಟಿಯಾಗಿರುತ್ತದೆ. ರಬ್ಬರ್ ಕೈಚೀಲ ಹಾಕಿ, ಕೋಲಿನಿಂದ ಕಲಸಿ. ನಾಝಲ್ ಕಟ್ಟಿಕೊಂಡರೆ ಬಾಯಿಂದ ಊದಬೇಡಿ.

4. ಗಾಳಿಯ ಎದುರಿಗೆ ಹೊಡೆಯಬೇಡಿ. ಅಡಿಕೆಯ ತಲೆಗೆ, ಮೆಣಸಿನ ಬಳ್ಳಿಗೆ ಮೇಲ್ಮುಖವಾಗಿ ಹೊಡೆಯುವಾಗ ಹನಿ ನಮ್ಮ ಮೇಲೆಯೇ ಬೀಳುತ್ತದೆ; ಟೋಪಿ, ಮುಖಪರದೆ ಬೇಕೇ ಬೇಕು.

5. ಬಟ್ಟೆ ನೆನೆದರೆ ಕೆಲಸ ಮುಗಿಯುವವರೆಗೆ ಕಾಯದೆ ತಕ್ಷಣ ಬದಲಾಯಿಸಿ, ಸೋಪು ಹಾಕಿ ತೊಳೆದುಕೊಳ್ಳಿ. ಊಟ, ಬೀಡಿ, ಎಲೆ ಅಡಿಕೆ, ಮೂತ್ರಕ್ಕೆ ಮುಂಚೆ ಕೈ ತೊಳೆಯಲೇಬೇಕು.

6. ಔಷಧಿ ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಸೇರಿಸಬೇಡಿ. ಹೊಡೆದವನೇ ಕೈಚೀಲ ಹಾಕಿ ತೊಳೆಯಲಿ. ಗರ್ಭಿಣಿಯ ಕೈಗೆ ಆ ಬಟ್ಟೆ ಹೋಗಬಾರದು, ಹೊಡೆದ ತೋಟಕ್ಕೆ ಅವಳು ಕೆಲವು ದಿವಸ ಹೋಗಬಾರದು. ಗರ್ಭದ ಮೊದಲ ತಿಂಗಳುಗಳ ಸೂಕ್ಷ್ಮವನ್ನು ಮೇಲೆ ಹೇಳಿದ್ದೇವೆ.

7. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಬಿತ್ತನೆ ಬೀಜ ಯಾವುದನ್ನೂ ಇಡಬೇಡಿ. ತೂತು ಮಾಡಿ ನಿರುಪಯೋಗಿಯಾಗಿಸಿ.

8. ಕೂಲಿಯವರಿಂದ ಹೊಡೆಸುವವರು ಇದೇ ಉಡುಪನ್ನು ಅವರಿಗೂ ಕೊಡಬೇಕು. 1968ರ ಕೀಟನಾಶಕ ಕಾಯಿದೆಯಡಿ 1971ರಲ್ಲಿ ಬಂದ ನಿಯಮಗಳು ರಕ್ಷಣಾ ಉಡುಪಿನ ಮಾತನ್ನು ಹೇಳುತ್ತವೆ. ಕಾಯಿದೆ ಇಲ್ಲದಿದ್ದರೂ ಅವನೂ ಒಂದು ಮನೆಯ ಮಗನೇ.

9. ಮದುವೆ ನಿಶ್ಚಯವಾದ, ಮಗುವಿನ ಯೋಚನೆಯಲ್ಲಿರುವ ಯುವಕನನ್ನು ಮೂರು ತಿಂಗಳು ಮೊದಲಿಂದಲೇ ಔಷಧಿ ಕೆಲಸದಿಂದ ಬಿಡಿಸಿ. ಮೂರು ತಿಂಗಳೇ ಏಕೆಂಬುದು ಈಗ ನಿಮಗೆ ತಿಳಿದಿದೆ. ಆ ಕೆಲಸವನ್ನು ಮಕ್ಕಳಾಗಿರುವ ಹಿರಿಯರು ವಹಿಸಿಕೊಳ್ಳಲಿ.

ಹೊಡೆಯುವುದನ್ನೇ ಕಡಿಮೆ ಮಾಡುವುದು

ಎಲ್ಲಕ್ಕಿಂತ ದೊಡ್ಡ ರಕ್ಷಣೆ ಕಡಿಮೆ ಹೊಡೆಯುವುದು. ಅರೇಬಿಕಾದ ಬಿಳಿ ಕಾಂಡಕೊರಕಕ್ಕೆ ನೆರಳು ಸರಿಯಾಗಿಟ್ಟು, ಕಾಂಡದ ಸಡಿಲ ತೊಗಟೆಯನ್ನು ನಾರಿನ ಕೈಚೀಲದಿಂದ ಉಜ್ಜಿ ತೆಗೆದರೆ ದುಂಬಿಗೆ ಮೊಟ್ಟೆಯಿಡಲು ಜಾಗ ಸಿಗದು. ಶೇಕಡ 10ರ ಸುಣ್ಣದ ತಿಳಿಯನ್ನು, ಅಂದರೆ 200 ಲೀಟರ್ ನೀರಿಗೆ 20 ಕಿಲೋ ಸುಣ್ಣವನ್ನು ಅಂಟಿನೊಡನೆ ಕಾಂಡಕ್ಕೆ ಹೊಡೆಯುವುದನ್ನು ಕಾಫಿ ಮಂಡಳಿಯೇ ಶಿಫಾರಸು ಮಾಡಿದೆ. ಕಾಯಿಕೊರಕಕ್ಕೆ ಉದುರು ಕಾಯಿ ಆರಿಸುವುದು, ಗಿಡದಲ್ಲಿ ಕಾಯಿ ಬಿಡದೆ ಕೊಯ್ಯುವುದು, ಬ್ರೋಕಾ ಬಲೆ ಕಟ್ಟುವುದು ಇವು ವಿಷವಿಲ್ಲದ ದಾರಿಗಳು.

ಅಡಿಕೆಯ ಬೇರುಹುಳದ ದುಂಬಿಗಳು ಮುಂಗಾರಿನ ಮೊದಲ ಮಳೆಗಳಾದ ಮೇಲೆ ಸಂಜೆಯ ಹೊತ್ತು ಮಣ್ಣಿನಿಂದೇಳುತ್ತವೆ. ಆ ಕೆಲವು ದಿನ ಮನೆಮಂದಿ ಸೇರಿ ಹಿಡಿದು ಕೊಂದರೆ ಮುಂದಿನ ತಲೆಮಾರಿನ ಹುಳ ಗಣನೀಯವಾಗಿ ತಗ್ಗುತ್ತದೆ. ಕೊಳೆರೋಗಕ್ಕೆ ನೂರು ವರ್ಷಕ್ಕೂ ಹಿಂದೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟ ಬೋರ್ಡೋ ದ್ರಾವಣ ಇಂದಿಗೂ ಸಾಕಾಗುತ್ತದೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅದು ಕಣ್ಣಿಗೆ, ಚರ್ಮಕ್ಕೆ ಉರಿಯೇ. ಉಡುಪಿನ ಎಚ್ಚರಿಕೆ ಅದಕ್ಕೂ ಬೇಕು. ಅದರ ಜೊತೆಗೆ ಅಂಗಡಿಯವರು ಹೇಳಿದರೆಂದು ಇನ್ನೆರಡು ಡಬ್ಬಿ ಬೆರೆಸುವ ಚಾಳಿಯನ್ನು ಬಿಡೋಣ.

ವೈದ್ಯರ ಬಳಿ ಹೋಗಬೇಕಾದಾಗ

ಒಂದು ವರ್ಷ ಜೊತೆಯಲ್ಲಿದ್ದೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಹೋಗಬೇಕು. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ, ಹೆಂಗಸಿಗೆ ಮಾಡುವ ಪರೀಕ್ಷೆಗಳಿಗಿಂತ ಖರ್ಚೂ ಕಡಿಮೆ. ಆದ್ದರಿಂದ ಅದೇ ಮೊದಲಾಗಲಿ. ಒಮ್ಮೆ ಕಡಿಮೆ ಬಂದರೆ ಎದೆಗುಂದಬೇಡಿ. ಔಷಧಿ ಕೆಲಸ ಬಿಟ್ಟು, ವೈದ್ಯರು ಹೇಳಿದಂತೆ ನಡೆದು ಮೂರು ತಿಂಗಳ ಮೇಲೆ ಮತ್ತೆ ಮಾಡಿಸಿ. ಯಾವ ಯಾವ ಔಷಧಿ, ಎಷ್ಟು ವರ್ಷದಿಂದ ಹೊಡೆಯುತ್ತಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಸಾಧ್ಯವಾದರೆ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಗಂಡು ಮಗು ಹುಟ್ಟಿದಾಗ ಎರಡೂ ಬೀಜಗಳು ಚೀಲಕ್ಕೆ ಇಳಿದಿವೆಯೇ ಎಂದು ಎಣ್ಣೆ ಸ್ನಾನ ಮಾಡಿಸುವ ಅಜ್ಜಿಯರು ನೋಡಬೇಕು. ಆರು ತಿಂಗಳಾದರೂ ಇಳಿಯದಿದ್ದರೆ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರೆ ಮುಂದಿನ ಸಂತಾನಶಕ್ತಿಗೆ ಒಳ್ಳೆಯದು. "ದೊಡ್ಡವನಾದರೆ ಸರಿಹೋಗುತ್ತೆ" ಎಂದು ಕಾಯಬಾರದು.

ಬಂಧುಗಳೇ, ತೋಟ ಮಾಡುವುದು ಮಕ್ಕಳು ಮೊಮ್ಮಕ್ಕಳಿಗಾಗಿ. ಅಡಿಕೆ ಸಸಿ ನೆಟ್ಟವನು ತನಗಿಂತ ಹೆಚ್ಚಾಗಿ ತನ್ನ ಮುಂದಿನವರನ್ನು ನೆನೆದು ನೆಡುತ್ತಾನೆ. ಆ ತೋಟವನ್ನು ಉಳಿಸಲು ಹೋಗಿ ಅದನ್ನು ಅನುಭವಿಸಬೇಕಾದವರನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಲಾಭವಲ್ಲ. ಈ ಪಾಠವನ್ನು ಮನೆಯ ಹೆಂಗಸರೂ ಓದಲಿ, ಓದಲು ಬಾರದವರಿಗೆ ಓದಿ ಹೇಳಿ. ಮುಂಗಾರಿನ ಸಿಂಪರಣೆ ಶುರುವಾಗುವ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ಸ್ಪ್ರೇಯರಿನ ವಾಷರನ್ನು ಒಮ್ಮೆ ಬಿಚ್ಚಿ ನೋಡಬೇಕೆಂದು ಕೋರುತ್ತೇವೆ.